ಹುಂಜ ಎಲ್ಲಿ ಹೋಯಿತು?

ಪ್ರಿಯ ಲೇಖಕಿಯವರೇ,

ನಮಸ್ಕಾರ. ನೀವು ಕಳಿಸಿದ 'ಹಿತ್ತಲಿನ ಸಾಂತ್ವನ' ಪ್ರಬಂಧವನ್ನು ಮೂರು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲ ಸಾಲಿನಲ್ಲೇ ಹೇಳುತ್ತಿದ್ದೇನೆ. ಪತ್ರದ ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಸರಿಯಲ್ಲ. ಹಿಂದಿರುಗಿಸುವ ಬರಹಗಳಿಗೆ ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆಯುತ್ತೇನೆ. ನಿಮ್ಮ ಆರು ಪುಟಗಳಲ್ಲಿ ಒಂದೂವರೆ ಪುಟದಷ್ಟು ಬರಹ ನನ್ನನ್ನು ಬಿಡುತ್ತಿಲ್ಲ, ಅದಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳಿರುವುದು ಇಷ್ಟು. ಮಂಡ್ಯ ಕಡೆಯ ಒಂದು ಹಳ್ಳಿ. ಹಿಂದಿನ ವರ್ಷ ಡಿಸೆಂಬರಿನಲ್ಲಿ ನಿಮ್ಮ ಯಜಮಾನರು ತೀರಿಕೊಂಡರು. ಮಾರ್ಚಿನಲ್ಲಿ ಗಿರಿರಾಜ ತಳಿಯ ಆರು ಕೋಳಿಮರಿಗಳನ್ನು ತಂದಿರಿ. ಮಳೆಗಾಲದಲ್ಲಿ ಒಂದು ಹೇಂಟೆ ಕಾಯಿಲೆಯಿಂದ ಸತ್ತಿತು. ಡಿಸೆಂಬರ್ 18ಕ್ಕೆ ವರ್ಷದ ತಿಥಿ ಆಯಿತು. ಸಂಕ್ರಾಂತಿಯ ದಿನ ಮರಿಗಳು ಮೊಟ್ಟೆಯೊಡೆದು ಹೊರಬಂದವು. ಕೋಳಿಗಳು ನಿಮ್ಮ ದುಃಖವನ್ನು ವಾಸಿ ಮಾಡಿದವು ಎಂದು ಪ್ರಬಂಧ ಮುಗಿಯುತ್ತದೆ, ದುಃಖದಲ್ಲಿರುವವರೆಲ್ಲ ನಾಲ್ಕು ಕೋಳಿ ಸಾಕಬೇಕು ಎಂಬ ಕರೆಯೊಂದಿಗೆ.

ಮೊದಲ ಒಂದೂಕಾಲು ಪುಟದಲ್ಲಿ ಕೋಳಿಯೂ ಇಲ್ಲ, ಯಜಮಾನರೂ ಇಲ್ಲ. 'ಬರಸಿಡಿಲು ಬಡಿದಂತಾಯಿತು', 'ಶೂನ್ಯ ಆವರಿಸಿತು', 'ಕಣ್ಣೀರಿನ ಕೋಡಿ ಹರಿಯಿತು', 'ಹುಟ್ಟಿದವನಿಗೆ ಸಾವು ತಪ್ಪದು'. ಇವು ಸುಳ್ಳು ಎನ್ನುತ್ತಿಲ್ಲ. ನಿಮಗೆ ಹಾಗೆಯೇ ಆಗಿರುತ್ತದೆ. ಆದರೆ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಯಾರ ಫೋಟೊ ಕೆಳಗೆ ಬೇಕಾದರೂ ಇವೇ ಮಾತುಗಳನ್ನು ಹಾಕಬಹುದು. ಸತ್ತವರು ಯಾರು, ಅವರು ಊಟಕ್ಕೆ ಎಲ್ಲಿ ಕೂರುತ್ತಿದ್ದರು, ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂಬುದು ಒಂದೂ ಗೊತ್ತಾಗುವುದಿಲ್ಲ. 'ನೋವು' ಎಂಬ ಪದ ಆ ಪುಟದಲ್ಲಿ ಹದಿನಾಲ್ಕು ಸಲ ಬಂದಿದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದಾಗ ಲೆಕ್ಕ ಸಿಕ್ಕಿತು.

ಎರಡನೇ ಪುಟದ ನಡುವೆ ಈ ನಾಲ್ಕು ವಾಕ್ಯಗಳು ಬರುತ್ತವೆ: 'ಕೋಳಿಗೂಡು ಕಟ್ಟಬೇಕೆಂದು ಅವರು ತಂದಿದ್ದ ತಂತಿ ಜಾಲರಿಯ ಸುರುಳಿ ಅಟ್ಟದ ಮೇಲಿತ್ತು. ಅಂಗಡಿಯ ಬಿಲ್ಲು ಅದಕ್ಕೇ ಸಿಕ್ಕಿಸಿತ್ತು. ಬಿಲ್ಲಿನಲ್ಲಿ ಅವರ ಹೆಸರಿನ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಪೆನ್ನು ತಂದು ತಿದ್ದಿದೆ.'

ಇಲ್ಲಿಗೆ ಬಂದಾಗ ಹಾಳೆಯನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪ್ರಬಂಧ ಇಲ್ಲಿಂದ ಆರಂಭವಾಗಲಿ. ಇದಕ್ಕಿಂತ ಮುಂಚಿನ ಒಂದಕ್ಷರವೂ ಬೇಡ. ಇಷ್ಟು ಬರೆಯಬಲ್ಲವರು ಮೊದಲ ಪುಟವನ್ನು ಯಾಕೆ ಬರೆದಿರಿ ಎಂಬುದು ನನಗೆ ಅರ್ಥವಾಗುತ್ತದೆ: ದುಃಖದ ಬಗ್ಗೆ ಬರೆಯುವಾಗ ಹೀಗೆ ದೊಡ್ಡದಾಗಿ ಶುರು ಮಾಡಬೇಕು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಬೇಕಾಗಿಲ್ಲ.

ಆದರೆ ಆ ಜಾಲರಿಯ ಮುಂದಿನ ವಾಕ್ಯವೇ 'ಗೂಡು ಕಟ್ಟಿ ಮುಗಿಸಿದೆ' ಎಂದಿದೆ. ಎರಡು ದಿನದ ಕೆಲಸ ಮೂರು ಪದದಲ್ಲಿ ಮುಗಿದುಹೋಯಿತು. ಸುರುಳಿ ಜಾಲರಿಯನ್ನು ಒಬ್ಬರೇ ಬಿಡಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿಯದಿದ್ದರೆ ಅದು ಮತ್ತೆ ಸುತ್ತಿಕೊಂಡು ಮೊಣಕಾಲಿಗೆ ಬಡಿಯುತ್ತದೆ, ಕತ್ತರಿಸಿದ ತಂತಿಯ ಮೊನೆ ಅಂಗೈ ಗೀರುತ್ತದೆ. ಮುಂಗುಸಿ ಬುಡ ಕೆರೆದು ನುಗ್ಗದಂತೆ ಜಾಲರಿಯನ್ನು ನೆಲದೊಳಗೂ ಒಂದಿಷ್ಟು ಹೂಳಬೇಕು. ಅವರು ಹಾಕಿಕೊಂಡಿದ್ದ ಅಳತೆಗೇ ಕಟ್ಟಿದಿರಾ, ನಿಮ್ಮ ಅಳತೆಗೆ ಕಟ್ಟಿದಿರಾ? ನೀವು ಒಂದು ತುದಿ ಹಿಡಿದಾಗ ಇನ್ನೊಂದು ತುದಿ ಹಿಡಿದವರು ಯಾರು? ಯಾರೂ ಇಲ್ಲದಿದ್ದರೆ ಅಲ್ಲಿ ಕಲ್ಲು ಇಟ್ಟಿರೋ, ಒರಳು ಇಟ್ಟಿರೋ? ಮೊದಲ ಪುಟದ ಹದಿನಾಲ್ಕು ನೋವುಗಳು ಸೇರಿ ಹೇಳಲಾಗದ್ದನ್ನು ಆ ಒರಳು ಹೇಳುತ್ತದೆ.

ಮೂರನೇ ಪುಟದ ನೆರೆಮನೆಯ ಅಜ್ಜಿಗೆ ನೀವು ಕೊಟ್ಟಿರುವುದು ನಾಲ್ಕೇ ಸಾಲು. ಆಕೆ ತನ್ನ ನಾಟಿ ಹೇಂಟೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, 'ಸುಮ್ಮನೆ ಕೊಟ್ಟರೆ ನೀನು ತೆಗೆದುಕೊಳ್ಳುವುದಿಲ್ಲ, ಪಾಲಿಗೆ ಸಾಕು' ಎನ್ನುತ್ತಾಳೆ. ಈ ಪದ್ಧತಿ ಈಗಿನ ಓದುಗರಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ, ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ: ಹೇಂಟೆ ಒಬ್ಬರದು, ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಗಂಡ ಸತ್ತ ಮೂರನೇ ತಿಂಗಳಿಗೆ ಮನೆಗೆ ಬಂದವರೆಲ್ಲ ಸಮಾಧಾನ ಹೇಳುತ್ತಿರುವಾಗ ಈ ಅಜ್ಜಿ ವ್ಯವಹಾರ ಮಾತಾಡಿದಳು. ನಿಮ್ಮನ್ನು ಮರುಕಕ್ಕೆ ಪಾತ್ರಳಾದವಳಂತೆ ನೋಡದೆ, ಲೆಕ್ಕ ಇಟ್ಟು ಅರ್ಧ ಮರಿ ತಿರುಗಿ ಕೊಡಬಲ್ಲ ಹೆಂಗಸಿನಂತೆ ನೋಡಿದಳು. ಆಕೆಯ ಬಗ್ಗೆ ನನಗೆ ಒಂದು ಪುಟ ಬೇಕು. ಬೆಳಗ್ಗೆ ಬೇಲಿಯಾಚೆಯಿಂದ ಏನು ಕೇಳುತ್ತಿದ್ದಳು? ಅವಳ ಮನೆಯಲ್ಲಿ ಎಷ್ಟು ಸಾವಾಗಿದೆ?

ಕೆಲವು ತಪ್ಪುಗಳನ್ನು ಈಗ ಹೇಳಬೇಕು, ಕೋಳಿ ಸಾಕಿದವರು ಓದಿದರೆ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಸತ್ತ ಹೇಂಟೆಗೆ 'ಹಕ್ಕಿಜ್ವರ' ಬಂದಿತ್ತು ಎಂದು ಬರೆದಿದ್ದೀರಿ. ಆದರೆ ನೀವೇ ವಿವರಿಸಿರುವ ಲಕ್ಷಣಗಳು, ಅಂದರೆ ಹಸಿರು ಹಿಕ್ಕೆ, ತಿರುಚಿಕೊಂಡ ಕುತ್ತಿಗೆ, ಒಂದೇ ಕಡೆ ಸುತ್ತುವುದು, ಕೊಕ್ಕರೆ ರೋಗದವು. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರಿನಿಂದ ಕರೆಯುವುದೂ ಇದನ್ನೇ. ಎರಡೂ ಬೇರೆ ಬೇರೆ ವೈರಸ್ಸುಗಳು. ಹಕ್ಕಿಜ್ವರ ದೃಢಪಟ್ಟರೆ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಿಸುತ್ತಾರೆ. ಆ ಪದವನ್ನು ಪಶುವೈದ್ಯರ ಮಾತಿಲ್ಲದೆ ಅಚ್ಚಿಗೆ ಕೊಡಲಾಗದು. ಕೊಕ್ಕರೆ ರೋಗ ಒಂದು ಕೋಳಿಗೆ ಬಂದರೆ ಹಿಂಡನ್ನೇ ಹಿಡಿಯುತ್ತದೆ. ನಿಮ್ಮ ಉಳಿದವು ಹೇಗೆ ಬದುಕಿದವು? ಮೊದಲ ವಾರದಲ್ಲಿ ಕಣ್ಣಿಗೆ ಲಸೋಟ ಲಸಿಕೆಯ ಹನಿ ಹಾಕಿಸಿದ್ದಿರಾ? ಹಾಕಿಸಿದ್ದರೆ ಅದನ್ನು ಬರೆಯಿರಿ. ಅಂಗೈಯಲ್ಲಿ ಮರಿ ಹಿಡಿದು, ಹನಿ ಒಳಗಿಳಿದು ಅದು ಕಣ್ಣು ಮಿಟುಕಿಸುವವರೆಗೆ ಕಾಯುವುದು ಚಿಕ್ಕ ಕೆಲಸವಲ್ಲ.

ಕಾಯಿಲೆಬಿದ್ದ ಹೇಂಟೆಯ ಜೊತೆ ನೀವು ಕಳೆದ ರಾತ್ರಿಯ ಭಾಗ ಚೆನ್ನಾಗಿದೆ. ಬಟ್ಟೆಯ ಬತ್ತಿಯನ್ನು ನೀರಲ್ಲಿ ಅದ್ದಿ ಕೊಕ್ಕಿನ ಅಂಚಿಗೆ ಹನಿಸಿದ್ದು, ಮಡಿಲಲ್ಲಿ ಅದರ ಮೈಬಿಸಿ ಸೀರೆಗೆ ಇಳಿದದ್ದು. 'ಅವರನ್ನು ಗಾಜಿನ ಆಚೆಯಿಂದ ನೋಡಿದ್ದೆ. ಇದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ' ಎಂದು ಬರೆದಿದ್ದೀರಿ. ಹೋಲಿಕೆಯನ್ನು ಬಿಡಿಸಿ ಹೇಳಬಾರದು ಎಂದು ಯಾರಾದರೂ ನಿಮಗೆ ಸಲಹೆ ಕೊಡಬಹುದು. ಕೇಳಬೇಡಿ. ಆ ಎರಡು ವಾಕ್ಯ ಹಾಗೆಯೇ ಇರಲಿ. ಅದರ ಹಿಂದೆಯೇ ಬರುವ, ಬದುಕು ನೀರ ಮೇಲಣ ಗುಳ್ಳೆ ಎಂಬ ಎಂಟು ಸಾಲುಗಳನ್ನು ಮಾತ್ರ ಹೊಡೆದುಹಾಕಿ.

ಇನ್ನೊಂದು ತಪ್ಪು ಕಾವಿನದು. ಗಿರಿರಾಜ ಹೇಂಟೆ ಕಾವಿಗೆ ಕೂತು, 'ತಿಂಗಳು ಕಳೆದ ಮೇಲೆ' ಮರಿ ಬಂದವು ಎನ್ನುತ್ತೀರಿ. ಕೋಳಿಮೊಟ್ಟೆಗೆ 21 ದಿನ. ಬಾತುಕೋಳಿಗೂ 28 ದಿನ ಸಾಕು. ಅಲ್ಲದೆ ಗಿರಿರಾಜ ಕಾವಿಗೆ ಕೂರುವುದು ಅಪರೂಪ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹಿತ್ತಲ ಸಾಕಣೆಗೆಂದು ಕೊಟ್ಟ ಈ ತಳಿ, ನಾಟಿ ಕೋಳಿಗಿಂತ ಎರಡು ಪಟ್ಟಿಗೂ ಹೆಚ್ಚು ಮೊಟ್ಟೆ ಇಡುತ್ತದೆ. ಹೆಚ್ಚು ಮೊಟ್ಟೆಯಿಡುವ ತಳಿಗಳಲ್ಲಿ ಕಾವಿನ ಗುಣ ಕಡಿಮೆಯಾಗಿರುತ್ತದೆ. ಹಳ್ಳಿಗಳಲ್ಲಿ ಗಿರಿರಾಜ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗೇ ಇಡುತ್ತಾರೆ. ಮೂರನೇ ಪುಟದಲ್ಲಿ ಬಂದ ಅಜ್ಜಿಯ ಹೇಂಟೆ ಆಮೇಲೆ ಎಲ್ಲೂ ಕಾಣುವುದಿಲ್ಲ. ಕಾವಿಗೆ ಕೂತದ್ದು ಅದೇ ಇರಬೇಕು ಎಂದು ನನ್ನ ಊಹೆ. ಹೌದಾದರೆ ಮರೆಮಾಡಬೇಡಿ. ನಮ್ಮ ಮನೆಯಲ್ಲಿ ಅಮ್ಮ ಮಂಕರಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಟ್ಟು ಹೇಂಟೆಯನ್ನು ಕೂರಿಸುತ್ತಿದ್ದಳು. ಅದು ದಿನಕ್ಕೊಮ್ಮೆ ಎದ್ದು, ಅವಸರದಲ್ಲಿ ನಾಲ್ಕು ಕಾಳು ತಿಂದು, ನೀರು ಕುಡಿದು ಓಡಿಬರುತ್ತಿತ್ತು. ಕೊನೆಯ ಒಂದೆರಡು ದಿನ ಮೊಟ್ಟೆಗೆ ಕಿವಿಗೊಟ್ಟರೆ ಒಳಗಿನಿಂದ ಚಿಂವ್ ಎನ್ನುವುದು ಕೇಳಿಸುತ್ತಿತ್ತು, ಮೇಲಿನಿಂದ ಹೇಂಟೆ ಉತ್ತರ ಕೊಡುತ್ತಿತ್ತು. ನೀವೂ ಕೇಳಿರುತ್ತೀರಿ. ಪ್ರಬಂಧದಲ್ಲಿ ಇಲ್ಲ.

ಈಗ ಹುಂಜದ ವಿಷಯ.

ಆರರಲ್ಲಿ ಒಂದು ಹುಂಜ, ಐದು ಹೇಂಟೆ. ನಾಲ್ಕನೇ ಪುಟದಲ್ಲಿ ಒಂದು ಹೇಂಟೆ ಸತ್ತಿತು. ಐದು ಉಳಿಯಬೇಕು. ಆರನೇ ಪುಟದಲ್ಲಿ 'ನನ್ನ ನಾಲ್ಕು ಗಿರಿರಾಜಗಳು' ಎನ್ನುತ್ತೀರಿ, ಆ ಪುಟದಲ್ಲಿ ಯಾವ ಹುಂಜವೂ ಕೂಗುವುದಿಲ್ಲ. ನಡುವಿನ ಐದನೇ ಪುಟದಲ್ಲಿ ನಿಮ್ಮ ಮೈದುನ ಬಂದು, 'ಅತ್ತಿಗೆ, ಅಣ್ಣನಿಗೆ ಕೋಳಿ ಸಾರು ಎಂದರೆ ಪ್ರಾಣ. ಮನೆಯಲ್ಲೇ ಹುಂಜ ಇರುವಾಗ ಎಡೆಗೆ ಹೊರಗಿನಿಂದ ಯಾಕೆ ತರಬೇಕು' ಎನ್ನುತ್ತಾರೆ. ಮುಂದಿನ ವಾಕ್ಯಗಳು: 'ತಿಥಿ ಚೆನ್ನಾಗಿ ನೆರವೇರಿತು. ನೂರಿಪ್ಪತ್ತು ಜನ ಉಂಡರು.'

ಹುಂಜ ಎಲ್ಲಿ ಹೋಯಿತು?

ಇದನ್ನು ಕೇಳುವುದು ನನಗೂ ಸುಲಭವಲ್ಲ. ಕೋಳಿಗಳ ಮೇಲಿನ ಪ್ರೀತಿಯ ಬರಹದಲ್ಲಿ ಕೋಳಿ ಕೊಯ್ದದ್ದು ಬಂದರೆ ಓದುಗರು ಏನೆಂದುಕೊಳ್ಳುತ್ತಾರೋ ಎಂದು ನೀವು ಅಳುಕಿರಬಹುದು. ನನ್ನಮ್ಮ ಒಂದೊಂದು ಕೋಳಿಯನ್ನೂ ಅದರ ನಡಿಗೆಯಿಂದ ಗುರುತಿಸುತ್ತಿದ್ದಳು. ಹಬ್ಬದ ದಿನ ತಾನೇ ಒಂದನ್ನು ಹಿಡಿದು ಅಪ್ಪನ ಕೈಗೆ ಕೊಟ್ಟು ಮಸಾಲೆ ಅರೆಯಲು ಕೂರುತ್ತಿದ್ದಳು. ಆ ಹೊತ್ತಿಗೆ ಒರಳುಕಲ್ಲಿನ ಸದ್ದು ಜೋರಾಗುತ್ತಿತ್ತು. ಊಟಕ್ಕೆ ಕೂತಾಗ ತನ್ನ ತಟ್ಟೆಗೆ ಬರೀ ಸಾರು ಬಿಟ್ಟುಕೊಳ್ಳುತ್ತಿದ್ದಳು. ಪ್ರೀತಿ ಸುಳ್ಳಾಗಿರಲಿಲ್ಲ, ಸಾರೂ ಸುಳ್ಳಾಗಿರಲಿಲ್ಲ. ಹಿತ್ತಲಲ್ಲಿ ಕೋಳಿ ಸಾಕಿದ ಮನೆಗಳಿಗೆ ಇದು ಗೊತ್ತು.

ನಿಮ್ಮ ಹುಂಜ ಯಾರು ಕರೆದರೂ ಬರುತ್ತಿರಲಿಲ್ಲ, ನಿಮ್ಮ ಕೈಯಿಂದ ಮಾತ್ರ ಕಾಳು ತಿನ್ನುತ್ತಿತ್ತು ಎಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಹಾಗಾದರೆ ಅದನ್ನು ಹಿಡಿದವರು ಯಾರು? ಕತ್ತಲಾದ ಮೇಲೆ ಕೋಳಿಗೆ ಕಣ್ಣು ಕಾಣದು, ಗೂಡಿನಿಂದ ಎತ್ತಿದರೆ ಸದ್ದಿಲ್ಲದೆ ಬರುತ್ತದೆ. ಹಿಂದಿನ ರಾತ್ರಿ ನೀವೇ ಎತ್ತಿಕೊಟ್ಟಿರಾ? ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರಲ್ಲ, ಆ ಐದು ಹತ್ತು ನಿಮಿಷ ನೀವು ಎಲ್ಲಿ ನಿಂತಿದ್ದಿರಿ? ಒಳಗೆ ಅವರಿಗೆ ಪ್ರಿಯವಾದ ಸಾರು, ಹೊರಗೆ ಅವರು ತಂದ ಜಾಲರಿಯ ಗೂಡು. ಹೇಂಟೆಗಳು ಏನು ಮಾಡುತ್ತಿದ್ದವು? ಬಾಗಿಲು ತೆಗೆದ ಮೇಲೆ ನೀವು ಉಂಡಿರಾ?

ಇನ್ನೊಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಸಂಕ್ರಾಂತಿಯಿಂದ 21 ದಿನ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 25ರ ಹತ್ತಿರ ಬರುತ್ತದೆ. 'ಹತ್ತು ದಿನ ಕೂಡಿಟ್ಟ ಹನ್ನೊಂದು ಮೊಟ್ಟೆ' ಎಂದಿದ್ದೀರಿ. ಕೆಲವು ತಿಥಿಗೆ ಮುಂಚಿನವು, ಹೆಚ್ಚಿನವು ಆಮೇಲಿನವು. ಹುಂಜ ಇಲ್ಲದಾದ ಮೇಲೂ ಒಂದು ವಾರ, ಕೆಲವೊಮ್ಮೆ ಎರಡು ವಾರ ಹೇಂಟೆ ಇಡುವ ಮೊಟ್ಟೆಗಳಲ್ಲಿ ಮರಿಯಾಗುತ್ತದೆ. ಹುಂಜದ ಬೀಜವನ್ನು ಹೇಂಟೆ ಅಷ್ಟು ದಿನ ಮೈಯೊಳಗೆ ಉಳಿಸಿಕೊಂಡಿರುತ್ತದೆ. ನಿಮ್ಮ ಕೊನೆಯ ಪುಟದ ಒಂಬತ್ತು ಮರಿಗಳು ಆ ಹುಂಜದವು. ಬರೆಯುವಾಗ ನಿಮಗೆ ಇದು ಹೊಳೆದಿತ್ತೋ ಇಲ್ಲವೋ. ಇದರ ಮೇಲೆ ಭಾಷಣ ಕಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ. ದಿನಾಂಕಗಳನ್ನು ಬರೆಯಿರಿ, ಅಜ್ಜಿಯ ಪಾಲಿಗೆ ಎಷ್ಟು ಮರಿ ಹೋದವು, ಬೆಸ ಸಂಖ್ಯೆಯ ಆ ಒಂದು ಮರಿ ಯಾರ ಕಡೆ ಉಳಿಯಿತು ಎಂಬುದನ್ನು ಬರೆಯಿರಿ.

ಕೋಳಿಗಳು ದುಃಖ ವಾಸಿ ಮಾಡಿದವು ಎಂಬ ಮಾತನ್ನು ನಾನು ನಂಬಲಿಲ್ಲ, ನೀವೂ ನಂಬಿದಂತಿಲ್ಲ. ನಿಮ್ಮ ಪುಟಗಳಲ್ಲಿ ಅವು ಮಾಡಿದ ಕೆಲಸ ಬೇರೆ. ಬೆಳಗ್ಗೆ ಆರಕ್ಕೆ ಗೂಡಿನ ಬಾಗಿಲು ತೆಗೆಯದಿದ್ದರೆ ಅವು ಗಲಾಟೆ ಮಾಡುತ್ತಿದ್ದವು, ಹಾಗಾಗಿ ನೀವು ಎದ್ದಿರಿ. ಸಂಜೆ ಎಣಿಸಿ ಮುಚ್ಚಬೇಕಿತ್ತು, ಹಾಗಾಗಿ ತವರಿಗೆ ಹೋದವರು ಅದೇ ದಿನ ತಿರುಗಿ ಬಂದಿರಿ. ಅಷ್ಟನ್ನೇ ಬರೆದರೆ ಸಾಕು. ಊರಿಗೆಲ್ಲ ಕೋಳಿ ಸಾಕಲು ಹೇಳುವ ಕೊನೆಯ ಪ್ಯಾರಾ ಬೇಡ.

ಎರಡು ತಿಂಗಳು ತೆಗೆದುಕೊಳ್ಳಿ, ಬೇಕಾದರೆ ಇನ್ನೂ ಹೆಚ್ಚು. ಹುಂಜದ ಭಾಗ ಈ ವರ್ಷ ಬರೆಯಲಾಗದಿದ್ದರೆ ಮುಂದಿನ ವರ್ಷ ಬರೆಯಿರಿ. ನಾನು ಅವಸರ ಮಾಡುವುದಿಲ್ಲ, ಬೇರೆ ಕಡೆ ಕಳಿಸಿದರೂ ಬೇಸರವಿಲ್ಲ. ಹಸ್ತಪ್ರತಿಯನ್ನು ಇದರ ಜೊತೆಗೇ ಹಿಂದಿರುಗಿಸುತ್ತಿದ್ದೇನೆ. ಅಂಚಿನ ಗುರುತುಗಳೆಲ್ಲ ಪೆನ್ಸಿಲ್ಲಿನವು, ಒಪ್ಪಿಗೆಯಾಗದಿದ್ದರೆ ಅಳಿಸಿಬಿಡಿ. ಐದನೇ ಮತ್ತು ಆರನೇ ಪುಟದ ನಡುವೆ ಒಂದು ಖಾಲಿ ಹಾಳೆ ಸೇರಿಸಿ ಪಿನ್ ಹಾಕಿದ್ದೇನೆ.

ವಿಶ್ವಾಸದಿಂದ,
ಸಂಪಾದಕ