ಬಲಿಗೆ ಕೂರುವ ಮೊದಲು ಕೊಡಬೇಕಾದ ಒಂದು ಪರೀಕ್ಷೆ

ಮಣಿಪಾಲದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ 36 ವರ್ಷದ ಓದುಗರೊಬ್ಬರ ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದೆಂದು ಕೆಲವು ದಿನ ಅದನ್ನು ಬದಿಗಿಟ್ಟೆ. ಸಿಟ್ಟು ಇಳಿಯಲಿಲ್ಲವಾದ್ದರಿಂದ ಹಾಗೆಯೇ ಬರೆಯುತ್ತಿದ್ದೇನೆ.

ಪತ್ರದ ಸಾರಾಂಶ ಇಷ್ಟು. ಇವರು ನಾಸ್ತಿಕರು. ಮದುವೆಯಾಗಿ ಐದು ವರ್ಷವಾಗಿದೆ, ಮಕ್ಕಳಾಗಿಲ್ಲ. ಪತ್ನಿಗೆ 33 ವರ್ಷ. ತಾಯಿ ಬ್ರಹ್ಮಾವರದ ಕಡೆಯ ಕುಟುಂಬದ ಮನೆಯಲ್ಲಿದ್ದಾರೆ. ಅಲ್ಲಿ ಕವಡೆ ಹಾಕಿ ಪ್ರಶ್ನೆ ಇಟ್ಟು ನೋಡಿದಾಗ ನಾಗದೋಷ ಕಂಡುಬಂತೆಂದೂ, ಅಜ್ಜನ ಕಾಲದಲ್ಲಿ ಮೂಲ ನಾಗಬನದ ಮರ ಕಡಿದದ್ದೇ ಅದಕ್ಕೆ ಕಾರಣವೆಂದೂ ಜೋಯಿಸರು ಹೇಳಿದ್ದಾರೆ. ಪರಿಹಾರಕ್ಕೆ ಆಶ್ಲೇಷಾ ಬಲಿ, ಅಂದರೆ ಆಶ್ಲೇಷಾ ನಕ್ಷತ್ರದ ದಿನ ಮಂಡಲ ಬರೆದು ನಾಗನಿಗೆ ಸಲ್ಲಿಸುವ ಪೂಜೆ ಆಗಬೇಕು, ಸಂಕಲ್ಪಕ್ಕೆ ಗಂಡ ಹೆಂಡತಿ ಒಟ್ಟಿಗೆ ಕೂರಬೇಕು. ಇವರು ಕೂರುವುದಿಲ್ಲ ಎಂದಿದ್ದಾರೆ. ಅಂದಿನಿಂದ ತಾಯಿಯ ಊಟ ಸರಿಯಿಲ್ಲ, ಪತ್ನಿ ಸರಿಯಾಗಿ ಮಾತನಾಡುತ್ತಿಲ್ಲ. ‘ನನ್ನ ವೈಜ್ಞಾನಿಕ ಮನೋಭಾವವನ್ನು ಬಿಟ್ಟುಕೊಟ್ಟು ಮನೆಯ ಶಾಂತಿ ಕೊಳ್ಳಬೇಕೆ?’ ಎಂಬುದು ಇವರ ಪ್ರಶ್ನೆ.

ಪತ್ರ ಉದ್ದವಾಗಿದೆ, ಚೆನ್ನಾಗಿಯೂ ಇದೆ. ಧರ್ಮವು ಭಯದಿಂದ ಹುಟ್ಟಿದ್ದು, ಹಾವಿಗೂ ಗರ್ಭಕ್ಕೂ ಸಂಬಂಧವಿಲ್ಲ, ಕವಡೆಗೆ ಭವಿಷ್ಯ ತಿಳಿಯದು ಎಂಬುದನ್ನೆಲ್ಲ ಅಚ್ಚುಕಟ್ಟಾಗಿ ವಾದಿಸಿದ್ದಾರೆ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣ ಕಂಡಾಗ, ಕರಾವಳಿಯ ಮನೆಗಳಲ್ಲಿ ಜನ ಬೆಳಗಿನ ತಿಂಡಿ ಬಿಟ್ಟು ಕೂತಿದ್ದ ಹೊತ್ತಿಗೆ, ತಾನು ಬಯಲಿನಲ್ಲಿ ಎಲ್ಲರೆದುರು ಅವಲಕ್ಕಿ ತಿಂದದ್ದನ್ನು ಹೆಮ್ಮೆಯಿಂದ ನೆನೆದಿದ್ದಾರೆ. ನಾಗರಿಕರ ಕರ್ತವ್ಯಗಳನ್ನು ಹೇಳುವ ಸಂವಿಧಾನದ 51ಎ ವಿಧಿಯನ್ನು ತಾಯಿಗೆ ಓದಿ ಹೇಳಿದ್ದಾರಂತೆ. ಇವುಗಳಲ್ಲಿ ಹೆಚ್ಚಿನದಕ್ಕೆ ನನ್ನ ಒಪ್ಪಿಗೆಯಿದೆ. ನಾನೂ ದೇವರನ್ನು ನಂಬುವವಳಲ್ಲ ಎಂಬುದು ಈ ಅಂಕಣ ಓದುವವರಿಗೆ ಹೊಸ ಸಂಗತಿಯಲ್ಲ.

ಆದರೆ ಮೂರನೆಯ ಪುಟದ ಕೊನೆಯಲ್ಲಿ, ಜೋಯಿಸರನ್ನು ಟೀಕಿಸುವ ಭರಾಟೆಯ ನಡುವೆ, ಒಂದು ವಾಕ್ಯ ನುಸುಳಿಹೋಗಿದೆ. ‘ಪತ್ನಿಯ ಎಲ್ಲ ಪರೀಕ್ಷೆಗಳೂ ಆಗಿ ನಾರ್ಮಲ್ ಎಂದು ಬಂದಿವೆ, ಡೈ ಹಾಕಿ ತೆಗೆಯುವ ಎಕ್ಸ್‌ರೇಯ ದಿನ ಸ್ವಲ್ಪ ನೋವಿತ್ತು, ನನ್ನದನ್ನೂ ಡಾಕ್ಟರು ಎಂಟು ತಿಂಗಳ ಹಿಂದೆ ಬರೆದುಕೊಟ್ಟಿದ್ದರು, ಚೀಟಿ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ, ಕೆಲಸದ ಒತ್ತಡದಲ್ಲಿ ಆಗಿಲ್ಲ, ಹೇಗೂ ನನಗೆ ಸಮಸ್ಯೆಯಿಲ್ಲ ಎಂಬುದು ನನಗೆ ಗೊತ್ತು.’

ಮಾನ್ಯರೇ, ನಿಮಗೆ ಹೇಗೆ ಗೊತ್ತು?

ನೀವು ಜೋಯಿಸರನ್ನು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ? ಅವರ ಬಳಿ ಕವಡೆಯಾದರೂ ಇತ್ತು. ನಿಮ್ಮ ಬಳಿ ಏನಿದೆ? ಆರೋಗ್ಯವಾಗಿದ್ದೇನೆ, ವಾರಕ್ಕೆ ನಾಲ್ಕು ದಿನ ಶಟಲ್ ಆಡುತ್ತೇನೆ, ದಾಂಪತ್ಯದಲ್ಲಿ ಕೊರತೆಯಿಲ್ಲ ಎಂದು ನೀವು ಬರೆದಿದ್ದೀರಿ. ಇವುಗಳಲ್ಲಿ ಯಾವುದೂ ವೀರ್ಯಾಣುಗಳ ಎಣಿಕೆಯನ್ನು ಹೇಳುವುದಿಲ್ಲ. ದಾಂಪತ್ಯದಲ್ಲಿ ಯಾವ ತೊಂದರೆಯೂ ಇಲ್ಲದ, ಮೈಕೈ ಗಟ್ಟಿಯಾಗಿರುವ ಗಂಡಸಿನ ವೀರ್ಯದಲ್ಲಿ ವೀರ್ಯಾಣುಗಳು ಕಡಿಮೆಯಿರಬಹುದು, ಚಲನೆ ಸಾಲದಿರಬಹುದು, ಕೆಲವೊಮ್ಮೆ ಒಂದೂ ಇಲ್ಲದಿರಬಹುದು. ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರಷ್ಟೇ ಹೇಳಬಲ್ಲರು. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೊಂದು ಒಂಟಿಯಾಗಿಯೋ, ಹೆಣ್ಣಿನ ಕಡೆಯ ಕಾರಣದ ಜೊತೆ ಸೇರಿಯೋ ಇದ್ದೇ ಇರುತ್ತದೆ. ನಿಮ್ಮ ಪತ್ನಿಯ ವರದಿಗಳೆಲ್ಲ ಸರಿಯಾಗಿ ಬಂದಿರುವಾಗ ಮುಂದೆ ಯಾವ ಕಡೆ ನೋಡಬೇಕೆಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿರಲಿಲ್ಲ.

‘ಸ್ವಲ್ಪ ನೋವಿತ್ತು’ ಎಂದು ನೀವು ಬರೆದ ಆ ಎಕ್ಸ್‌ರೇಯಲ್ಲಿ ಗರ್ಭಕೋಶದ ಬಾಯಿಯ ಮೂಲಕ ನಳಿಕೆ ತೂರಿಸಿ, ಎಕ್ಸ್‌ರೇಗೆ ಕಾಣುವ ದ್ರವ ಹಾಯಿಸಿ, ಅದು ಗರ್ಭನಾಳಗಳಲ್ಲಿ ಹರಿದು ಆಚೆ ಬೀಳುತ್ತದೆಯೇ ಎಂದು ನೋಡುತ್ತಾರೆ. ಮುಟ್ಟಿನ ನೋವನ್ನು ನಾಲ್ಕು ಪಟ್ಟು ಮಾಡಿದಂತಿತ್ತು ಎಂದು ನನಗೆ ಬರೆದ ಹೆಂಗಸರಿದ್ದಾರೆ. ನಿಮ್ಮ ಪತ್ನಿ ಅದನ್ನು ಮುಗಿಸಿ ಮನೆಗೆ ಬಂದರು. ನಿಮ್ಮ ಪಾಲಿಗೆ ಬಂದದ್ದು ಎರಡರಿಂದ ಏಳು ದಿನ ಸಂಯಮದಿಂದಿದ್ದು, ಲ್ಯಾಬಿನ ಕೋಣೆಯಲ್ಲಿ ಒಂದು ಡಬ್ಬಿಯಲ್ಲಿ ಮಾದರಿ ಕೊಟ್ಟು ಬರುವ ಕೆಲಸ. ಮುಜುಗರವೆನಿಸಿದರೆ ಮನೆಯಲ್ಲೇ ಸಂಗ್ರಹಿಸಿ ಒಂದು ಗಂಟೆಯೊಳಗೆ ತಲುಪಿಸಲು ಕೆಲವು ಲ್ಯಾಬುಗಳು ಒಪ್ಪುತ್ತವೆ. ಸೂಜಿ ಇಲ್ಲ, ನೋವಿಲ್ಲ, ಮಣಿಪಾಲದಲ್ಲಿ ಕೆಲಸ ಮಾಡುವವರಿಗೆ ಲ್ಯಾಬು ದೂರವೂ ಅಲ್ಲ. ಸಾಮಾನ್ಯವಾಗಿ ಡಾಕ್ಟರು ಇಬ್ಬರ ಪರೀಕ್ಷೆಯನ್ನೂ ಒಟ್ಟಿಗೆ ಆರಂಭಿಸುವುದು ಇದು ಇಷ್ಟು ಸುಲಭವಾದದ್ದು ಎಂಬ ಕಾರಣಕ್ಕೂ ಹೌದು.

ಗ್ರಹಣದ ದಿನ ಅವಲಕ್ಕಿ ತಿನ್ನಲು ನಿಮಗೆ ಖರ್ಚಾದದ್ದೇನು? ಫಲಿತಾಂಶ ಮೊದಲೇ ಗೊತ್ತಿತ್ತು. ಚಂದ್ರನ ನೆರಳಿನಿಂದ ಅವಲಕ್ಕಿ ವಿಷವಾಗುವುದಿಲ್ಲ ಎಂಬುದರಲ್ಲಿ ನಿಮಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಉತ್ತರ ಏನು ಬರುತ್ತದೋ ಗೊತ್ತಿಲ್ಲದ, ಬಂದ ಉತ್ತರ ತನಗೇ ವಿರುದ್ಧವಾಗಬಹುದಾದ ಪ್ರಶ್ನೆಯನ್ನು ಕೇಳಬೇಕಾಗಿ ಬಂದಾಗ ನೀವು ಎಂಟು ತಿಂಗಳು ತಪ್ಪಿಸಿಕೊಂಡಿರಿ. ಬೇರೆಯವರ ನಂಬಿಕೆಯನ್ನು ಪ್ರಶ್ನಿಸುವವರು ಮೊದಲು ತಮ್ಮದನ್ನು ಪ್ರಶ್ನಿಸಿಕೊಳ್ಳಲಿ ಎಂದು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಓದುಗರು ಬೇಸರಿಸಿದರೂ ಮುಂದೆಯೂ ಹೇಳುತ್ತೇನೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪರೀಕ್ಷೆಗೆ ಒಡ್ಡಿಕೊಳ್ಳಿ ಎಂದು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದರು, ಒಪ್ಪಿಗೆ ಬರಲಿಲ್ಲ. ಅದೇ ವರ್ಷ ನಮ್ಮ ಮಂಗಳೂರಿನಲ್ಲಿ ನರೇಂದ್ರ ನಾಯಕ್ ಮತ್ತು ಜೊತೆಗಾರರು ದಕ್ಷಿಣ ಕನ್ನಡದ ವಿಚಾರವಾದಿ ಸಂಘವನ್ನು ಕಟ್ಟಿದರು. ಶಾಲೆ ಕಾಲೇಜುಗಳಲ್ಲಿ ಪವಾಡ ಬಯಲು ಮಾಡುವವರನ್ನು ನೀವು ನೋಡಿರುತ್ತೀರಿ. ಅವರು ಉರಿಯುವ ಕರ್ಪೂರವನ್ನು ತಮ್ಮ ನಾಲಗೆಯ ಮೇಲೆಯೇ ಇಟ್ಟು ತೋರಿಸುತ್ತಾರೆ, ಹೆಂಡತಿಯ ನಾಲಗೆಯ ಮೇಲಲ್ಲ. ಪರೀಕ್ಷೆಗೆ ಕರೆದರೆ ಬಾರದಿರುವ ವಿಷಯದಲ್ಲಿ ನೀವು ಈಗ ನರಸಿಂಹಯ್ಯನವರ ಪಕ್ಷದಲ್ಲಿದ್ದೀರೋ ಪುಟ್ಟಪರ್ತಿಯ ಪಕ್ಷದಲ್ಲಿದ್ದೀರೋ ಎಂಬುದನ್ನು ನೀವೇ ಯೋಚಿಸಿ.

51ಎ ವಿಧಿಯೂ 1976ರ 42ನೇ ತಿದ್ದುಪಡಿಯಿಂದಲೇ ಬಂದದ್ದು. ಅದರ ‘ಎಚ್’ ಉಪವಿಧಿ ವೈಜ್ಞಾನಿಕ ಮನೋಭಾವದ ಪಕ್ಕದಲ್ಲೇ ಮಾನವೀಯತೆಯನ್ನೂ, ವಿಚಾರಣೆ ಮತ್ತು ಸುಧಾರಣೆಯ ಪ್ರವೃತ್ತಿಯನ್ನೂ ನಾಗರಿಕರ ಕರ್ತವ್ಯವೆಂದು ಹೇಳುತ್ತದೆ. ತಾಯಿಗೆ ಓದಿ ಹೇಳುವಾಗ ಪೂರ್ತಿ ಓದಿದ್ದಿರೋ ಇಲ್ಲವೋ.

ಆ ತಾಯಿಯ ಬಗ್ಗೆ ನಿಮ್ಮ ಪತ್ರದಲ್ಲಿರುವಷ್ಟು ತಾತ್ಸಾರ ನನಗೆ ಸಾಧ್ಯವಾಗುತ್ತಿಲ್ಲ. ಪ್ರಶ್ನೆಯಲ್ಲಿ ಬಂದದ್ದೇನು? ದೋಷ ನಿಮ್ಮ ಮನೆತನದ ಮೂಲದಲ್ಲಿದೆ ಎಂದು. ನಿಮ್ಮ ತಾಯಿ ಅದನ್ನು ಒಪ್ಪಿಕೊಂಡು, ಸೊಸೆಯ ಕೈ ಹಿಡಿದು ‘ನಿನ್ನ ತಪ್ಪು ಏನೂ ಇಲ್ಲ ಮಗಾ, ನಮ್ಮ ಮನೆಯದ್ದು’ ಎಂದರಂತೆ. ಇದನ್ನು ನೀವು ಮೌಢ್ಯದ ಉದಾಹರಣೆಯಾಗಿ ಕೊಟ್ಟಿದ್ದೀರಿ. ಮಕ್ಕಳಾಗದ್ದಕ್ಕೆ ಸೊಸೆಯನ್ನೇ ಹಂಗಿಸುವ ಅತ್ತೆಯರ ಪತ್ರಗಳೂ ನನಗೆ ಬರುತ್ತವೆ, ಆದ್ದರಿಂದ ಈ ಮಾತಿನ ಬೆಲೆ ನನಗೆ ಗೊತ್ತು. ಕಾರಣ ತಪ್ಪು, ಖಂಡಿತ ತಪ್ಪು. ಅಜ್ಜ ಕಡಿದ ಮರಕ್ಕೂ ಮೊಮ್ಮಗನ ಸಂತಾನಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಐದು ವರ್ಷಗಳಲ್ಲಿ ಈ ತೊಂದರೆ ಗಂಡಿನ ಕಡೆಯದ್ದಾಗಿರಬಹುದು ಎಂದು ಬಾಯಿಬಿಟ್ಟು ಹೇಳಿದವರು ನಿಮ್ಮ ಡಾಕ್ಟರನ್ನು ಬಿಟ್ಟರೆ ಇವರೊಬ್ಬರೇ. (ಬನದ ಮರ ಕಡಿಯಬಾರದು ಎಂಬ ಭಯ ಇನ್ನಷ್ಟು ಇದ್ದಿದ್ದರೆ ಒಳ್ಳೆಯದಿತ್ತು ಎಂದು ನನ್ನಂಥ ನಾಸ್ತಿಕಳಿಗೂ ಅನಿಸುವುದುಂಟು. ಮರ ಬಳ್ಳಿಗಳಿದ್ದ ಎಷ್ಟೋ ನಾಗಬನಗಳು ಇಂದು ಕಾಂಕ್ರೀಟು ಕಟ್ಟೆ, ಹೊಳೆಯುವ ಟೈಲ್ಸುಗಳಾಗಿ ಉಳಿದಿವೆ.)

ನನ್ನ ಸಿಟ್ಟು ಹೆಚ್ಚಾಗಿ ಇರುವುದು ನಿಮ್ಮ ಪತ್ರದಲ್ಲಿ ಎರಡೇ ಕಡೆ ಬರುವ ನಿಮ್ಮ ಸ್ನೇಹಿತರೊಬ್ಬರ ಮೇಲೆ. ‘ಒಮ್ಮೆ ಆ ಮಂಡಲದ ಎದುರು ಕೂತರೆ ಮತ್ತೆ ನಮ್ಮೆದುರು ವಿಚಾರವಾದದ ಮಾತೆತ್ತಬೇಡ’ ಎಂದು ಅಪ್ಪಣೆ ಕೊಟ್ಟವರು ಅವರು, ವೀರ್ಯ ಪರೀಕ್ಷೆಯ ವಿಷಯ ಬಂದಾಗ ‘ಅದೆಲ್ಲ ಆಸ್ಪತ್ರೆಯವರು ದುಡ್ಡು ಮಾಡುವ ದಾರಿ’ ಎಂದವರೂ ಅವರೇ. ಪರೀಕ್ಷೆ ಬೇಡ ಎನ್ನುವವರು ಎಂಥ ವಿಚಾರವಾದಿ? ತಮ್ಮ ಗುಂಪಿನ ಮಡಿ ಕೆಟ್ಟರೆ ಹೊರಗೆ ಹಾಕುತ್ತೇನೆ ಎನ್ನುವ ಬಹಿಷ್ಕಾರದ ಬುದ್ಧಿಯನ್ನು ನಾವು ಮಠಗಳಲ್ಲಿ ಕಂಡು ಬೇಸತ್ತವರು, ಅದನ್ನೇ ಚಹಾ ಕುಡಿಯುತ್ತಾ ನಾಲ್ವರು ನಾಸ್ತಿಕರು ಮಾಡಿದರೆ ಅದು ಪ್ರಗತಿಪರವಾಗುವುದಿಲ್ಲ. ಅಂದಹಾಗೆ, ಇವರಿಗೆ ಇಬ್ಬರು ಮಕ್ಕಳಿದ್ದಾರೆಂದು ನೀವೇ ಬರೆದಿದ್ದೀರಿ.

ಬಲಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಏಕೆಂದರೆ ‘ಇಂಥವರಿಗೆ ಆಶ್ಲೇಷಾ ಬಲಿ ಮಾಡಿಸಿದ ಮೇಲೆ ಮಗುವಾಯಿತು’ ಎಂದು ತಾಯಿ ಕೊಟ್ಟ ಮೂರು ಉದಾಹರಣೆಗಳಿಗೆ ನಿಮ್ಮಲ್ಲಿ ‘ಕಾಕತಾಳೀಯ’ ಎಂಬುದಕ್ಕಿಂತ ಹೆಚ್ಚಿನ ಉತ್ತರವಿರಲಿಲ್ಲ. ಉತ್ತರವಿದೆ. ಮಗು ಬೇಕೆಂದು ಪ್ರಯತ್ನಿಸುವ 100 ದಂಪತಿಗಳಲ್ಲಿ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಎರಡನೆಯ ವರ್ಷದಲ್ಲಿ ನಿಲ್ಲುತ್ತದೆ. ಮನೆಯವರಿಗೆ ಆತಂಕ ಶುರುವಾಗಿ ಪ್ರಶ್ನೆ ಇಡಿಸುವುದೂ ಹೆಚ್ಚಾಗಿ ಆ ಎರಡನೆಯ ವರ್ಷದಲ್ಲಿಯೇ. ಆಗ ಯಾವ ಪೂಜೆ ಮಾಡಿಸಿದ್ದರೂ, ಯಾವ ಬೇರು ಅರೆದು ಕುಡಿದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಬಲಿ ಮಾಡಿಸಿಯೂ ಮಕ್ಕಳಾಗದವರು ಅದನ್ನು ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಹೇಳಿಕೊಳ್ಳುವುದಿಲ್ಲ. ಇದನ್ನು ತಾಯಿಗೆ ಅವರ ಭಾಷೆಯಲ್ಲಿ, ವಿಧಿಯ ಸಂಖ್ಯೆ ಹೇಳದೆ ವಿವರಿಸಬಹುದಿತ್ತು. ಆದರೆ ಇದೇ ಲೆಕ್ಕ ನಿಮಗೂ ಅನ್ವಯಿಸುತ್ತದೆ. ತನ್ನಷ್ಟಕ್ಕೆ ಆಗುವ ಸಾಧ್ಯತೆ ಹೆಚ್ಚಿರುವ ಆ ಎರಡು ವರ್ಷಗಳನ್ನು ನೀವು ದಾಟಿ ಮೂರು ವರ್ಷವಾಗಿದೆ. ಚಂದ್ರ ಸುಮಾರು 27 ದಿನಗಳಿಗೊಮ್ಮೆ ಅದೇ ನಕ್ಷತ್ರಕ್ಕೆ ಮರಳುವುದರಿಂದ ಆಶ್ಲೇಷಾ ಪ್ರತಿ ತಿಂಗಳೂ ಬರುತ್ತದೆ, ಬಲಿಯನ್ನು ಮುಂದೂಡಿದರೆ ನಷ್ಟವಿಲ್ಲ. ನಿಮ್ಮ ಪತ್ನಿಯ ವಯಸ್ಸು ಹಾಗೆ ಮರಳಿ ಬರುವಂಥದ್ದಲ್ಲ, 35 ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಬೇಗಬೇಗ ಇಳಿಯುತ್ತದೆ.

ಹಾಗಾದರೆ ಬಲಿಗೆ ಕೂರಬೇಕೇ ಬೇಡವೇ? ಇದಕ್ಕೆ ನೀವು ನಾಲ್ಕು ಪುಟ ವ್ಯಯಿಸಿದ್ದೀರಿ, ನಾನು ಒಂದು ವಾಕ್ಯ ವ್ಯಯಿಸುತ್ತೇನೆ: ‘ನನಗೆ ನಂಬಿಕೆಯಿಲ್ಲ, ನಿಮಗಾಗಿ ಕೂರುತ್ತೇನೆ’ ಎಂದು ತಾಯಿಯ ಎದುರು ಮೊದಲೇ ಹೇಳಿ ಹೆಂಡತಿಯ ಪಕ್ಕದಲ್ಲಿ ಒಂದು ಸಂಜೆ ಕೂತವನು ಸುಳ್ಳುಗಾರನಾಗುವುದಿಲ್ಲ, ಅಷ್ಟೇ ವಿನಯದಿಂದ ಕೂರಲಾರೆ ಎಂದವನೂ ಕ್ರೂರಿಯಾಗುವುದಿಲ್ಲ.

ನನ್ನ ಸಲಹೆ ಒಂದೇ, ಅದನ್ನು ಅಪ್ಪಣೆಯೆಂದೇ ತಿಳಿಯಿರಿ. ಈ ವಾರ ಡ್ಯಾಶ್‌ಬೋರ್ಡಿನಿಂದ ಆ ಚೀಟಿ ತೆಗೆದು ಲ್ಯಾಬಿಗೆ ಹೋಗಿ. ಅದು ಆಗುವವರೆಗೆ ಮನೆಯಲ್ಲಿ ಧರ್ಮದ ಬಗ್ಗೆ, ನಾಗನ ಬಗ್ಗೆ, ಸಂವಿಧಾನದ ಬಗ್ಗೆ ಒಂದು ಮಾತನ್ನೂ ಆಡಬೇಡಿ. ವರದಿಯನ್ನು ಸ್ನೇಹಿತರಿಗೆ ತೋರಿಸದೆ, ಹೆಂಡತಿಯ ಜೊತೆ ಹೋಗಿ ಡಾಕ್ಟರಿಗೆ ತೋರಿಸಿ. ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳು, ಅವುಗಳಲ್ಲಿ ಚಲಿಸುವವು ಶೇ 42 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿರುವ ಕೆಳಮಿತಿ. ಅದಕ್ಕಿಂತ ಕಡಿಮೆ ಬಂದರೂ ಅದು ತೀರ್ಪಲ್ಲ. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಬೇಕಾಗುವುದರಿಂದ, ನಡುವೆ ಬಂದುಹೋದ ಜೋರು ಜ್ವರವೂ ಎಣಿಕೆಯನ್ನು ಇಳಿಸಿರಬಹುದು. ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಲು ಹೇಳುತ್ತಾರೆ. ವೃಷಣದ ಸುತ್ತ ಉಬ್ಬಿದ ರಕ್ತನಾಳಗಳು, ಸೋಂಕು, ಹಾರ್ಮೋನಿನ ಕೊರತೆ, ಸಿಗರೇಟು, ಗುಟ್ಕಾ ಹೀಗೆ ಕಾರಣಗಳು ಹಲವು, ಅವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯಿದೆ, ಉಳಿದವರಿಗೆ ಐಯುಐ (ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು), ಐವಿಎಫ್ (ಪ್ರನಾಳ ಶಿಶು ವಿಧಾನ) ಇವುಗಳ ದಾರಿಯಿದೆ. ಫಲಿತಾಂಶ ಏನೇ ಬಂದರೂ ಅದನ್ನು ತಾಯಿಗೆ ಹೇಳುವ ಕೆಲಸ ನಿಮ್ಮದು, ಹೆಂಡತಿಯದ್ದಲ್ಲ.

ಅಷ್ಟಾದ ಮೇಲೂ ಬಲಿಯ ಪ್ರಶ್ನೆ ಉಳಿದಿದ್ದರೆ ಇನ್ನೊಮ್ಮೆ ಬರೆಯಿರಿ. ಆ ಪತ್ರದಲ್ಲಿ ನಿಮ್ಮ ಪತ್ನಿಗೆ ಬಲಿಯಲ್ಲಿ ನಂಬಿಕೆಯಿದೆಯೇ, ಅವರಿಗೆ ಏನು ಬೇಕು ಎಂಬುದನ್ನೂ ಕೇಳಿಕೊಂಡು ಬರೆಯಿರಿ. ಈಗಿನ ನಾಲ್ಕು ಪುಟಗಳಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.