ಆ ರೊಕ್ಕ ಯಾರ ಕಿಸೆಗೆ?

ನಮಸ್ಕಾರ. ವಿದೇಶಕ್ಕೆ ಹೋಗುವ ನಮ್ಮ ಡಾಕ್ಟರು, ಎಂಜಿನಿಯರುಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೂರನೇ ಪ್ಯಾರಾದಲ್ಲಿ ನನಗೆ ಸಿಟ್ಟೇ ಬಂತು.

‘ಹೋದವರು ಕಳಿಸುವ ಡಾಲರ್‌ನಿಂದ ದೇಶದ ನಷ್ಟ ತುಂಬಿಬರುತ್ತದೆ’ ಎಂದು ಬರೆದಿದ್ದೀರಿ.

ನಷ್ಟ ಯಾರದು? ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಕಿಮ್ಸ್‌ನಲ್ಲಿ ಸರ್ಕಾರಿ ಸೀಟಿನಲ್ಲಿ ಓದಿದವರ ಖರ್ಚಿನ ದೊಡ್ಡ ಪಾಲು ತೆರಿಗೆಯ ಹಣ. ರೋಣದ ಕೂಲಿ ಹೆಣ್ಣುಮಗಳು ಸೋಪು ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲಿ ಸೇರಿದೆ. ತುಂಬಿಬರುವುದು ಯಾರಿಗೆ? ಡಾಲರ್ ಬಂದು ಬೀಳುವುದು ಡಾಕ್ಟರ ಅಪ್ಪ-ಅಮ್ಮನ ಖಾತೆಗೆ. ಆಮದಿಗೆ ಬೇಕಾದ ವಿದೇಶಿ ಹಣ ಅದರಿಂದ ದೇಶಕ್ಕೆ ಸಿಗುತ್ತದೆ, ನಿಜ. ಆದರೆ ಡಾಕ್ಟರಿಲ್ಲದ ಹಳ್ಳಿ ದವಾಖಾನೆಗೆ ಅದರಿಂದ ಡಾಕ್ಟರು ಬರುವುದಿಲ್ಲ. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ಜಗದೀಶ ಭಗವತಿ ಅವರು, ಹೀಗೆ ಹೋದವರ ಗಳಿಕೆಗೆ ತೆರಿಗೆ ಹಾಕಿ ಬಡ ದೇಶಗಳಿಗೆ ಕೊಡಬೇಕು ಎಂದು ವಾದಿಸಿದ್ದರು. ಅದನ್ನು ನೀವು ಮುಟ್ಟೇ ಇಲ್ಲ.

ಮುಂದಿನ ಸಾಲಿನಲ್ಲಿ, ಹೊರದೇಶದಲ್ಲಿರುವವರು ಒಂದು ವರ್ಷದಲ್ಲಿ ಭಾರತಕ್ಕೆ ಕಳಿಸಿದ ಹಣ 12,900 ಕೋಟಿ ಡಾಲರ್ ಎಂದಿದ್ದೀರಿ. 2024ಕ್ಕೆ ವಿಶ್ವ ಬ್ಯಾಂಕ್ ಕೊಟ್ಟ ಅಂದಾಜು ಅಷ್ಟೇ ಇದೆ, ಜಗತ್ತಿನಲ್ಲೇ ಜಾಸ್ತಿ. ಆದರೆ ಅದರಲ್ಲಿ ಕೊಲ್ಲಿ ದೇಶಗಳಲ್ಲಿ ಬಿಸಿಲಿಗೆ ಗಾರೆ ಹೊತ್ತವರ ದುಡಿಮೆಯೂ ಇದೆ. ಅಷ್ಟನ್ನೂ ಎಂಜಿನಿಯರುಗಳ ಹೆಸರಿಗೆ ಬರೆದುಬಿಟ್ಟರೆ ಹೇಗೆ?

ನಾನು ಕೆಲಸ ಕಲಿಯುತ್ತಿದ್ದಾಗ ‘ಹತ್ತಿ ದರ ಏರಿಕೆ, ರೈತರಿಗೆ ಲಾಭ’ ಎಂದು ಸುದ್ದಿ ಬರೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಓದಿ, ‘ರೊಕ್ಕ ಯಾರ ಕಿಸೇಕ ಬಂತೋ ತಮ್ಮಾ?’ ಅಂದರು. ಉತ್ತರ ಗೊತ್ತಿರಲಿಲ್ಲ. ಅಮರಗೋಳದ ಎಪಿಎಂಸಿಗೆ ಹೋಗಿ ನಿಂತೆ. ಒಬ್ಬ ರೈತ ಅಂಗಿಯ ಒಳಕಿಸೆಯಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ತೋರಿಸಿದ. ತಿಂಗಳ ಹಿಂದೆಯೇ ಹಳೇ ದರಕ್ಕೆ ಮಾರಿದ್ದ. ಹೊಸ ದರ ಸಿಕ್ಕಿದ್ದು ಗೋದಾಮಿನಲ್ಲಿ ಅರಳೆ ಇಟ್ಟುಕೊಂಡವರಿಗೆ. ಮಡಿಕೆಯಲ್ಲಿ ಅಕ್ಷರ ಅಳಿಸಿಹೋಗಿದ್ದ ಆ ಚೀಟಿ ಇವತ್ತಿಗೂ ಕಣ್ಣಮುಂದಿದೆ.

ನಿಮ್ಮ ಕೊನೆಯ ಪುಟದಲ್ಲಿ ಧಾರವಾಡದ ಮಾಳಮಡ್ಡಿಯ ಮನೆಯೊಂದು ಬರುತ್ತದೆ ಅಲ್ವಾ? ಮಗ ಡಲ್ಲಾಸ್‌ನಲ್ಲಿ, ಅವನು ದುಡ್ಡು ಕಳಿಸಿ ಕಟ್ಟಿಸಿದ ಮೇಲಿನ ಅಂತಸ್ತಿಗೆ ಬೀಗ. ಎರಡೇ ಸಾಲಿಗೆ ಬಿಟ್ಟಿದ್ದೀರಿ. ಅದನ್ನು ಕಟ್ಟಿದ ಗೌಂಡಿ ಎಲ್ಲಿಯವರು, ಎಷ್ಟು ದಿನ ಕೆಲಸ ಸಿಕ್ಕಿತು, ಪಗಾರ ಎಷ್ಟು ಬಂತು, ಹೋಗಿ ಕೇಳಿ. ಲೇಖನ ಅಲ್ಲಿಂದ ಶುರು ಮಾಡಿ ಮತ್ತೆ ಕಳಿಸಿ. ನಾನು ಕಾಯುತ್ತಿರುತ್ತೇನೆ.