ಇಂಗ್ಲಿಷ್ ವಾಕ್ಯದಲ್ಲಿ ಸಬ್ಜೆಕ್ಟ್ ಯಾವುದು ಅಂತ ತಪ್ಪದೆ ಗುರುತಿಸುವುದು ಹೇಗೆ?

ಕೆಲಸ ಮಾಡುವವರೇ ಸಬ್ಜೆಕ್ಟ್ ಅಂತ ಗೊತ್ತಿದ್ದೂ ‘ಈಸ್’ ಬರಬೇಕಾದ ಕಡೆ ‘ಆರ್’ ಬರೆದುಬಿಡುತ್ತೇನೆ ಅಂದಿದ್ದೀರಿ. ಸಬ್ಜೆಕ್ಟ್ ಒಂದಾದರೆ ‘ಈಸ್’, ಹಲವಾದರೆ ‘ಆರ್’; ಹಾಗಾಗಿ ಸಬ್ಜೆಕ್ಟ್ ತಪ್ಪಿದರೆ ಇದೂ ತಪ್ಪುತ್ತದೆ. ನಾನೂ ಬಹಳ ಕಾಲ ‘ಈಸ್ ರೆಡಿ’ ಅನ್ನುವ ಬದಲು ‘ದಿ ಲಿಸ್ಟ್ ಆಫ್ ನೇಮ್ಸ್ ಆರ್ ರೆಡಿ’ ಅಂತಲೇ ಬರೆಯುತ್ತಿದ್ದೆ.

ಮೊದಲು ಆ ವ್ಯಾಖ್ಯೆಯನ್ನೇ ಕೈಬಿಡಿ. ‘ದಿ ವಿಂಡೋ ವಾಸ್ ಬ್ರೋಕನ್’ ಅನ್ನುವಲ್ಲಿ ಕಿಟಕಿ ಯಾವ ಕೆಲಸವನ್ನೂ ಮಾಡಿಲ್ಲ, ಆದರೂ ಅದೇ ಸಬ್ಜೆಕ್ಟ್. ‘ಇಟ್ ಈಸ್ ರೇನಿಂಗ್’ನಲ್ಲಿ ‘ಇಟ್’ ಯಾವ ವಸ್ತುವನ್ನೂ ತೋರಿಸುವುದಿಲ್ಲ; ಆ ಜಾಗ ಖಾಲಿ ಬಿಡುವಂತಿಲ್ಲ ಅಂತ ಇಟ್ಟದ್ದು. ‘ನನಗೆ ಪುಸ್ತಕ ಬೇಕು’ ಅನ್ನುವಾಗ ನಾವು ‘ನನಗೆ’ ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಅದೇ ‘ಐ’ ಆಗಿ ಸಬ್ಜೆಕ್ಟಿನ ಜಾಗದಲ್ಲಿ ಕೂರುತ್ತದೆ. ಹಾಗಾಗಿ ಅರ್ಥದಿಂದ ಹುಡುಕಹೊರಟರೆ ದಾರಿ ತಪ್ಪುತ್ತದೆ.

ಈಗ ಆ ‘ಆರ್’ ವಿಷಯ. ‘ಹೆಸರುಗಳ ಪಟ್ಟಿ ಸಿದ್ಧವಾಗಿದೆ’ ಅನ್ನುವ ಕನ್ನಡ ವಾಕ್ಯ ನೋಡಿ. ಮುಖ್ಯ ಪದ ‘ಪಟ್ಟಿ’. ಎಂಥ ಪಟ್ಟಿ ಅನ್ನುವ ವಿವರಣೆ ಅದಕ್ಕಿಂತ ಮುಂಚೆಯೇ ಬಂದುಹೋಗುತ್ತದೆ, ಆಮೇಲೆ ಮುಖ್ಯ ಪದ, ಅದರ ಬೆನ್ನಿಗೇ ಕ್ರಿಯಾಪದ. ‘ಅಂಗಡಿಗಳ ಪಕ್ಕದಲ್ಲಿರುವ ಮನೆ ದೊಡ್ಡದು’ ಅನ್ನುವಾಗಲೂ ಅಷ್ಟೇ, ವಿವರಣೆ ಎಷ್ಟೇ ಉದ್ದವಾದರೂ ‘ಮನೆ’ ಕೊನೆಗೇ ಬರುತ್ತದೆ. ಇಂಗ್ಲಿಷಿನಲ್ಲಿ ಇದು ತಿರುಗಾಮುರುಗಾ. ‘ಲಿಸ್ಟ್’ ಮೊದಲೇ ಬಂದುಬಿಡುತ್ತದೆ, ‘ಆಫ್ ನೇಮ್ಸ್’ ಅನ್ನುವ ಬಾಲ ಹಿಂದಿನಿಂದ ಅಂಟಿಕೊಳ್ಳುತ್ತದೆ. ವರ್ಬಿನ ಪಕ್ಕದಲ್ಲಿ ಸಿಗುವುದು ಬಾಲದ ತುದಿಯಲ್ಲಿರುವ ‘ನೇಮ್ಸ್’. ಪಕ್ಕದ ನಾಮಪದವನ್ನೇ ನಂಬುವ ನಮ್ಮ ಅಭ್ಯಾಸ ಅದನ್ನು ಹಿಡಿದುಕೊಂಡು ‘ಆರ್’ ಬರೆಸುತ್ತದೆ. ಬಾಲ ಉದ್ದವಾದಷ್ಟೂ ತಪ್ಪು ಹೆಚ್ಚು.

ನನ್ನ ಪ್ರಕಾರ ಇದಕ್ಕೆ ಒಂದೇ ಪರೀಕ್ಷೆ ಸಾಕು: ವಾಕ್ಯವನ್ನು ಹೌದು–ಅಲ್ಲ ಅನ್ನುವ ಪ್ರಶ್ನೆ ಮಾಡಿ. ಈಸ್, ವಾಸ್, ಕ್ಯಾನ್, ವಿಲ್ ಇದ್ದರೆ ಅದನ್ನು ಮುಂದಕ್ಕೆ ತನ್ನಿ: ‘ಈಸ್ ದಿ ಲಿಸ್ಟ್ ಆಫ್ ನೇಮ್ಸ್ ರೆಡಿ?’ ಅದು ಯಾವ ಪದಗಳನ್ನು ದಾಟಿ ಮುಂದೆ ಬಂತೋ ಅಷ್ಟೂ ಸಬ್ಜೆಕ್ಟ್. ಇನ್ನೊಂದು ಗಮನಿಸಿ, ಈಗ ವರ್ಬಿಗೆ ಅಂಟಿಕೊಂಡಿರುವುದು ‘ಲಿಸ್ಟ್’. ‘ಆರ್ ದಿ ಲಿಸ್ಟ್’ ಅಂತ ನಿಮ್ಮ ಕೈ ಬರೆಯುವುದೇ ಇಲ್ಲ. ಈಸ್, ಕ್ಯಾನ್ ಥರದ ಪದ ಇಲ್ಲದ ವಾಕ್ಯಕ್ಕೆ ಡೂ, ಡಸ್, ಡಿಡ್ ಸೇರಿಸಿ. ‘ದಿ ಮ್ಯಾನ್ ಹೂ ಸೆಲ್ಸ್ ಫ್ಲವರ್ಸ್ ಲಿವ್ಸ್ ಹಿಯರ್’ ಅನ್ನುವುದರಲ್ಲಿ ಎರಡು ವರ್ಬ್ ಇವೆ, ಯಾವುದು ಮುಖ್ಯ ಅಂತ ಗೊಂದಲವಾಗುತ್ತದೆ. ಪ್ರಶ್ನೆ ಮಾಡಿದರೆ ‘ಡಸ್ ದಿ ಮ್ಯಾನ್ ಹೂ ಸೆಲ್ಸ್ ಫ್ಲವರ್ಸ್ ಲಿವ್ ಹಿಯರ್?’ ‘ಲಿವ್ಸ್’ ತನ್ನ ಬಾಲದ ‘ಸ್’ ಅನ್ನು ‘ಡಸ್’ಗೆ ಬಿಟ್ಟುಕೊಟ್ಟಿತು, ‘ಸೆಲ್ಸ್’ ಕದಲಲಿಲ್ಲ. ಕದಲಿದ್ದೇ ಮುಖ್ಯ ವರ್ಬ್. ‘ಡಸ್’ಗೂ ‘ಲಿವ್’ಗೂ ನಡುವೆ ಇರುವುದೆಲ್ಲ ಸಬ್ಜೆಕ್ಟ್.

‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’, ‘ದಿ ಟೀಚರ್, ಅಲಾಂಗ್ ವಿತ್ ದಿ ಸ್ಟೂಡೆಂಟ್ಸ್, ಈಸ್’ ಇವೂ ಇದೇ ಜಾತಿ.

ಎರಡು ಕಡೆ ಎಚ್ಚರ ಬೇಕು. ‘ಎ ನಂಬರ್ ಆಫ್’, ‘ಎ ಲಾಟ್ ಆಫ್’ ಬಂದಾಗ ಅವು ಎಷ್ಟು ಅಂತ ಹೇಳುವ ಪದಗಳು ಮಾತ್ರ, ಲೆಕ್ಕಕ್ಕೆ ಬರುವುದು ಆಮೇಲಿನ ನಾಮಪದ: ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್’. ಆದರೆ ‘ದಿ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್’, ಇಲ್ಲಿ ಚಿಕ್ಕದಾಗಿರುವುದು ಸಂಖ್ಯೆ. ಇನ್ನೊಂದು ‘ದೇರ್’. ‘ದೇರ್ ಆರ್ ಟೂ ಬುಕ್ಸ್ ಆನ್ ದಿ ಟೇಬಲ್’ ಅನ್ನುವಲ್ಲಿ ಸಬ್ಜೆಕ್ಟಿನ ಜಾಗ ಹಿಡಿದು ಕೂತದ್ದು ‘ದೇರ್’, ‘ಆರ್’ ಬರೆಸಿದ್ದು ಮುಂದಿರುವ ‘ಟೂ ಬುಕ್ಸ್’. ಅಲ್ಲಿ ವರ್ಬಿನ ಬಲಕ್ಕೆ ನೋಡಿ.